ಪದಚರ್ಚೆ: ಬ್ರೇಕ್ ಕ್ಯಾಲಿಪರಿನ ಪಿಸ್ಟನ್ ‘ಕಚ್ಚಿಕೊಳ್ಳುವುದೋ’, ‘ಸಿಕ್ಕಿಕೊಳ್ಳುವುದೋ’?

ಪ್ರಶ್ನೆ

ಮಾನ್ಯರೇ,

ವಾಹನ ದುರಸ್ತಿ ಕಲಿಯುವವರಿಗಾಗಿ ಸಿದ್ಧವಾಗುತ್ತಿರುವ ಒಂದು ಗೋಡೆಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಕಾರಿನ ಡಿಸ್ಕ್ ಬ್ರೇಕಿನಲ್ಲಿ ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ಭಾಗವಾದ ಕ್ಯಾಲಿಪರಿನೊಳಗಿನ ಪಿಸ್ಟನ್ ಅಲುಗದಂತಾದಾಗ ಅದನ್ನು ಗುರುತಿಸುವ, ಹೊರತೆಗೆಯುವ ಮತ್ತು ಮರಳಿ ಕೂರಿಸುವ ಕ್ರಮವೇ ಅದರ ವಿಷಯ. ಇಂಗ್ಲಿಷಿನ ‘ಸೀಜ್ಡ್ ಪಿಸ್ಟನ್’ ಎಂಬುದಕ್ಕೆ ಯಂತ್ರಾನುವಾದ ಕೊಟ್ಟ ‘ವಶಪಡಿಸಿಕೊಂಡ ಪಿಸ್ಟನ್’ ಎಂಬುದನ್ನು ಇಲ್ಲಿ ಚರ್ಚಿಸುವ ಅಗತ್ಯವಿಲ್ಲ. ಮೆಕ್ಯಾನಿಕರು ‘ಸೀಜ್ ಆಗಿದೆ’ ಎನ್ನುತ್ತಾರೆ, ಆದರೆ ‘ಗಾಡಿ ಸೀಜ್ ಆಗಿದೆ’ ಎಂದರೆ ಪೊಲೀಸರು ಹಿಡಿದಿಟ್ಟಿದ್ದಾರೆ ಎಂಬ ಅರ್ಥವೂ ಬರುವುದರಿಂದ ಹಿಂಜರಿಯುತ್ತಿದ್ದೇನೆ. ‘ಜಾಮ್ ಆದ’, ‘ಸಿಕ್ಕಿಕೊಂಡ’, ‘ಕಚ್ಚಿಕೊಂಡ’, ‘ಸ್ಥಗಿತಗೊಂಡ’ ಇವುಗಳಲ್ಲಿ ಯಾವುದು ಸರಿ? ತಲೆಬರಹದಲ್ಲಿ ಬಂದ ಪದವೇ ಒಳಗಿನ ಸಾಲುಗಳಲ್ಲೂ ನಿಲ್ಲುವಂತಿರಬೇಕು.

ಮೊದಲ ಉತ್ತರ

ತಾವು ಕ್ರಿಯಾಪದವನ್ನು ಮಾತ್ರ ಕೇಳಿದ್ದೀರಿ, ಆದರೆ ನಾಮಪದವನ್ನು ಹಾಗೆಯೇ ಬಿಟ್ಟು ಕ್ರಿಯೆಯನ್ನು ಹುಡುಕಿದರೆ ಉತ್ತರ ದಕ್ಕುವುದಿಲ್ಲ. ಪಿಸ್ಟನ್ ಎಂಬುದು ಫ್ರೆಂಚಿನ ಮೂಲಕ ಬಂದ ಇಟಾಲಿಯನ್ ಮಾತು, ಅದರ ಬೇರು ‘ಕುಟ್ಟು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಲ್ಲಿದೆ, ಮತ್ತು ಇಟಾಲಿಯನ್ನಿನಲ್ಲಿ ಅದು ಮೊದಲು ದೊಡ್ಡ ಕುಟ್ಟಾಣಿಯ ಹೆಸರಾಗಿತ್ತು. ನಮ್ಮಲ್ಲಿ ‘ಒನಕೆ’ ಎಂಬ ಸೊಗಸಾದ ಪದ ಇರುವಾಗ ಎರವಲು ಏಕೆ? ‘ಒನಕೆ’ಯನ್ನು ಒಪ್ಪಿದರೆ ಕ್ರಿಯೆ ತಾನಾಗಿಯೇ ಹೊಳೆಯುತ್ತದೆ: ಒರಳಿನಲ್ಲಿ ಒನಕೆ ‘ಹೂತಿದೆ’. ಕ್ಯಾಲಿಪರ್ ಎಂಬುದೂ ಅರಬ್ಬಿಯ ‘ಅಚ್ಚು’ ಎಂಬರ್ಥದ ಪದದಿಂದ ಹೊರಟು ಯುರೋಪು ಸುತ್ತಿ ಬಂದದ್ದೆಂದು ನಿಘಂಟುಗಳು ಸಾಮಾನ್ಯವಾಗಿ ಹೇಳುತ್ತವೆ, ಆದ್ದರಿಂದ ಅದಕ್ಕೂ ‘ಅಚ್ಚು’ ಎಂದೇ ಬಳಸಬಹುದು.

ಎರಡನೆಯ ಉತ್ತರ

ಒನಕೆ ಬೇಡ. ಬ್ರೇಕಿನ ಪಿಸ್ಟನ್ ಏನನ್ನೂ ಕುಟ್ಟುವುದಿಲ್ಲ. ಪೆಡಲ್ ಒತ್ತಿದಾಗ ದ್ರವದ ಒತ್ತಡಕ್ಕೆ ಅದು ಮಿಲಿಮೀಟರಿನ ಒಂದು ಸಣ್ಣ ಭಾಗದಷ್ಟು ಮುಂದೆ ಸರಿದು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಪೆಡಲ್ ಬಿಟ್ಟಾಗ ಅಷ್ಟೇ ಹಿಂದೆ ಸರಿಯುತ್ತದೆ. ಪದದ ಅಜ್ಜಂದಿರು ಏನು ಮಾಡುತ್ತಿದ್ದರು ಎಂಬುದರಿಂದ ಫಲಕ ಓದುವವನಿಗೆ ಉಪಯೋಗವಿಲ್ಲ. ಇನ್ನು ‘ಅಚ್ಚು’ ಎಂದರೆ ಆಟೋಮೊಬೈಲ್ ಬಲ್ಲವರು ಆಕ್ಸಲ್ ಎಂದು ತಿಳಿಯುತ್ತಾರೆ, ಚಕ್ರದ ಪಕ್ಕದಲ್ಲೇ ಆ ಗೊಂದಲ ಬೇಕಿಲ್ಲ.

ಮೂರನೆಯ ಉತ್ತರ

ಒನಕೆಯನ್ನು ತಳ್ಳಿಹಾಕಿದ್ದು ಸರಿ, ಆದರೆ ಅದರಿಂದ ಪಿಸ್ಟನ್ನಿಗೆ ಪರವಾನಗಿ ಸಿಗುವುದಿಲ್ಲ. ‘ಆಡುಬೆಣೆ’ ಎಂಬ ಪದವನ್ನು ಕೆಲವರು ಈಗಾಗಲೇ ಬರೆವಣಿಗೆಯಲ್ಲಿ ಬಳಸುತ್ತಿದ್ದಾರೆ. ಕ್ಯಾಲಿಪರ್ ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವುದರಿಂದ ಅದಕ್ಕೆ ‘ಇಕ್ಕುಳ’ ಸಾಕು. ‘ಇಕ್ಕುಳದ ಆಡುಬೆಣೆ ಸಿಕ್ಕಿಬಿದ್ದಿದೆ’ ಎಂಬ ವಾಕ್ಯದಲ್ಲಿ ಎರವಲು ಪದ ಒಂದೂ ಇಲ್ಲ.

ಎರಡನೆಯ ಉತ್ತರದವರು ಮತ್ತೆ

ಎರವಲು ಇಲ್ಲ, ನಿಜ. ಅರ್ಥವೂ ಇಲ್ಲ. ಇಕ್ಕುಳ ಎಂದರೆ ಕೈಯಲ್ಲಿ ಹಿಡಿಯುವ ಉಪಕರಣವೆಂದೇ ಎಲ್ಲರೂ ತಿಳಿಯುತ್ತಾರೆ, ಮತ್ತು ಇದೇ ಕೆಲಸದಲ್ಲಿ ನಿಜವಾದ ಇಕ್ಕುಳವನ್ನು ಕುರಿತೇ ಒಂದು ಎಚ್ಚರಿಕೆ ಬರೆಯಬೇಕಾಗುತ್ತದೆ: ಪಿಸ್ಟನ್ನಿನ ನುಣುಪಾದ ಹೊರಮೈಯನ್ನು ಇಕ್ಕುಳದಿಂದ ಹಿಡಿದೆಳೆದರೆ ಗೀರು ಬಿದ್ದು ಸೀಲ್ ಸೋರುತ್ತದೆ. ‘ಇಕ್ಕುಳದ ಆಡುಬೆಣೆಯನ್ನು ಇಕ್ಕುಳದಿಂದ ಎಳೆಯಬೇಡಿ’ ಎಂದು ಅಚ್ಚು ಹಾಕಿಸುತ್ತೀರಾ? ಆಡುಬೆಣೆಯ ಬಗ್ಗೆ ನನಗೆ ದ್ವೇಷವಿಲ್ಲ, ಆದರೆ ಆಡದಿರುವುದೇ ಇಲ್ಲಿಯ ದೋಷವಾಗಿರುವಾಗ ಆ ಹೆಸರು ಪ್ರತಿ ಸಾಲಿನಲ್ಲೂ ತನ್ನನ್ನು ತಾನೇ ಅಲ್ಲಗಳೆಯುತ್ತದೆ.

ಈಗ ಮೂಲ ಪ್ರಶ್ನೆ. ಕನ್ನಡದಲ್ಲಿ ‘ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ’ ಎಂಬುದು ಹೊಗಳಿಕೆ, ‘ಬ್ರೇಕ್ ಹಿಡಿದುಕೊಂಡಿದೆ’ ಎಂಬುದು ದೂರು. ಈ ವ್ಯತ್ಯಾಸವನ್ನು ‘ಕೊಳ್ಳು’ ಒಂದೇ ತಂದುಕೊಡುತ್ತದೆ, ಆದರೂ ಬಳಸುವವರು ಯಾರೂ ತಪ್ಪುವುದಿಲ್ಲ. ಅಷ್ಟು ಹದವಾದ ಮಾತನ್ನು ಬಿಟ್ಟು ‘ಸ್ಥಗಿತಗೊಂಡ’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಸ್ಥಗಿತಗೊಳ್ಳುವುದು ಕಾಮಗಾರಿ.

ಆದರೆ ‘ಹಿಡಿದುಕೊಂಡಿದೆ’ ಎಂಬುದು ಇಡೀ ಬ್ರೇಕಿನ ಲಕ್ಷಣವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಗಾಡಿ ಒಂದು ಬದಿಗೆ ಎಳೆಯುವುದು, ಒಂದೇ ಚಕ್ರ ಅತಿಯಾಗಿ ಕಾಯುವುದು, ಸುಟ್ಟ ವಾಸನೆ ಬರುವುದು, ಇವೆಲ್ಲ ಹಿಡಿದುಕೊಂಡ ಬ್ರೇಕಿನ ಲಕ್ಷಣಗಳು. ಕಾರಣ ಪಿಸ್ಟನ್ ಇರಬಹುದು, ಕ್ಯಾಲಿಪರ್ ಜಾರುವ ಪಿನ್ನುಗಳು ಬಿಗಿದಿರಬಹುದು, ಅಥವಾ ದ್ರವ ತರುವ ರಬ್ಬರ್ ಹೋಸ್ ಒಳಗೊಳಗೇ ಕುಸಿದು, ಮುಂದಕ್ಕೆ ಹೋದ ದ್ರವವನ್ನು ಹಿಂದಕ್ಕೆ ಬಿಡದಿರಬಹುದು. ಕ್ಯಾಲಿಪರಿನಿಂದ ದ್ರವವನ್ನೂ ಗಾಳಿಯನ್ನೂ ಹೊರಬಿಡುವ ಸಣ್ಣ ತಿರುಪಾದ ಬ್ಲೀಡರ್ ನಿಪ್ಪಲನ್ನು ಸಡಿಲಿಸಿದ ಕೂಡಲೇ ಚಕ್ರ ಸಲೀಸಾಗಿ ತಿರುಗಿದರೆ ದ್ರವದ ಒತ್ತಡ ಒಳಗೇ ಉಳಿದಿತ್ತೆಂದು ತಿಳಿಯಬೇಕು, ಆಗ ದೋಷ ಹೋಸಿನಲ್ಲೋ ಅದರ ಹಿಂದೆಯೋ ಇರುತ್ತದೆ. ಆಗಲೂ ತಿರುಗದಿದ್ದರೆ ಪಿಸ್ಟನ್ನನ್ನು ಮತ್ತು ಪಿನ್ನುಗಳನ್ನು ನೋಡಬೇಕು. ಹಾಗಾಗಿ ಲಕ್ಷಣಕ್ಕೆ ‘ಹಿಡಿದುಕೊಂಡ ಬ್ರೇಕ್’ ಎಂದೂ ಕಾರಣಕ್ಕೆ ‘ಕಚ್ಚಿಕೊಂಡ ಪಿಸ್ಟನ್’ ಎಂದೂ ಎರಡು ಮಾತುಗಳನ್ನು ಇಟ್ಟುಕೊಳ್ಳಿ. ಒಂದೇ ಪದ ಬೇಕೆಂಬ ತಮ್ಮ ಷರತ್ತೇ ಸರಿಯಿಲ್ಲ.

‘ಸಿಕ್ಕಿಕೊಂಡ’ ಏಕೆ ಬೇಡವೆಂದರೆ, ಸಿಕ್ಕಿಕೊಳ್ಳಲು ನಡುವೆ ಬೇರೊಂದು ಅಡ್ಡಿ ಇರಬೇಕೆಂಬ ಭಾವ ಆ ಪದದಲ್ಲಿದೆ. ಇಲ್ಲಿ ಹಾಗಲ್ಲ. ಹೊರಗಿನ ಧೂಳುಗವುಸು ಹರಿದು ನೀರು ಇಳಿಯುತ್ತದೆ, ಅಥವಾ ಗಾಳಿಯ ತೇವವನ್ನು ಹೀರಿದ ಹಳೆಯ ದ್ರವ ಒಳಗಿನಿಂದಲೇ ಕೆಡಿಸುತ್ತದೆ, ಪಿಸ್ಟನ್ನಿಗೂ ಅದರ ಗೂಡಿಗೂ ತುಕ್ಕು ಏರಿ ಎರಡು ಲೋಹಗಳೂ ಒಂದನ್ನೊಂದು ಬಿಡದಂತಾಗುತ್ತವೆ. ಪಿಸ್ಟನ್ನನ್ನು ಹಿಂದಕ್ಕೆ ತರಲು ಸಾಮಾನ್ಯವಾಗಿ ಬೇರೆ ಸ್ಪ್ರಿಂಗ್ ಇರುವುದಿಲ್ಲ. ಒತ್ತಡಕ್ಕೆ ತಿರುಚಿದ ಚೌಕ ಅಂಚಿನ ರಬ್ಬರ್ ಸೀಲ್ ತನ್ನ ಆಕಾರಕ್ಕೆ ಮರಳುವಾಗ ಅದನ್ನು ಎಳೆದು ತರುತ್ತದೆ. ಅಷ್ಟು ಮೃದುವಾದ ಎಳೆತವನ್ನು ತಡೆಯಲು ಸ್ವಲ್ಪ ತುಕ್ಕು ಸಾಕು. ಇದು ಕಚ್ಚಿಕೊಳ್ಳುವುದೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ತಲೆಬರಹವನ್ನು ‘ಕಚ್ಚಿಕೊಂಡ ಪಿಸ್ಟನ್ ಬಿಡಿಸುವ ಕ್ರಮ’ ಎಂದು ನಿಶ್ಚಯಿಸಿದ್ದೇನೆ. ಒಳಸಾಲುಗಳ ಕರಡು ಹೀಗಿದೆ, ದಯವಿಟ್ಟು ನೋಡಿ:

‘ಹೋಸನ್ನು ಕಳಚುವ ಮೊದಲೇ ಕ್ಯಾಲಿಪರನ್ನು ಡಿಸ್ಕಿನಿಂದ ಬಿಡಿಸಿ, ಪಿಸ್ಟನ್ನಿನ ಎದುರಿಗೆ ಮರದ ತುಂಡನ್ನಿಟ್ಟು, ಪೆಡಲನ್ನು ನಿಧಾನವಾಗಿ ಒತ್ತಿ ಬ್ರೇಕಿನದೇ ಒತ್ತಡದಿಂದ ಪಿಸ್ಟನ್ ಹೊರಬರುವಂತೆ ಮಾಡಿರಿ. ಗಾಳಿಯ ಒತ್ತಡ ಬಳಸಿದರೆ ಪಿಸ್ಟನ್ ಗುಂಡಿನಂತೆ ಸಿಡಿಯಬಹುದು, ಆದ್ದರಿಂದ ಬೆರಳುಗಳನ್ನು ಅದರ ದಾರಿಯಲ್ಲಿ ಇಡಬೇಡಿರಿ. ಪಿಸ್ಟನ್ನಿನಲ್ಲಿ ಗುಳಿ ಬಿದ್ದಿದ್ದರೆ ಅದನ್ನು ಉಜ್ಜಿ ಮರುಬಳಸದೆ ಬದಲಿಸಿರಿ. ಹೊಸ ಸೀಲಿಗೆ ಎಣ್ಣೆ ಸವರಿ ಕೂರಿಸಿರಿ.’

ಹಿಂದಿನ ಚಕ್ರಗಳ ಕೆಲವು ಕ್ಯಾಲಿಪರುಗಳಲ್ಲಿ ಹ್ಯಾಂಡ್‌ಬ್ರೇಕಿನ ವ್ಯವಸ್ಥೆಯೂ ಒಳಗೇ ಇರುವುದರಿಂದ ಪಿಸ್ಟನ್ನನ್ನು ಬರಿದೆ ಒತ್ತದೆ ತಿರುಗಿಸುತ್ತ ಒಳಕ್ಕೆ ಕಳಿಸಬೇಕು. ಅಂಥದ್ದಕ್ಕೂ ‘ಕಚ್ಚಿಕೊಂಡ’ ಎನ್ನಬಹುದೇ?

ಎರಡನೆಯ ಉತ್ತರದವರು

ಕೂಡದು. ಅದು ದೋಷವಲ್ಲ, ರಚನೆ. ಒಳಗೆ ತಿರುಪು ಇದೆಯೆಂದು ತಿಳಿಯದೆ ಕ್ಲಾಂಪ್ ಹಾಕಿ ಒತ್ತಿದವರೇ ಚೆನ್ನಾಗಿರುವ ಪಿಸ್ಟನ್ನನ್ನು ಕಚ್ಚಿಕೊಂಡಿದೆ ಎನ್ನುತ್ತಾರೆ, ಮತ್ತು ಹಾಗೆ ಬಲವಂತ ಮಾಡಿ ಒಳಗಿನ ವ್ಯವಸ್ಥೆಯನ್ನು ಮುರಿಯುತ್ತಾರೆ. ಆ ಸಾಲನ್ನು ಪ್ರತ್ಯೇಕ ಚೌಕದಲ್ಲಿ ಹಾಕಿಸಿ.

ಕೊನೆಯ ವಾಕ್ಯವನ್ನು ಮಾತ್ರ ಈ ಕ್ಷಣವೇ ತೆಗೆಯಿರಿ. ‘ಎಣ್ಣೆ’ ಎಂದು ಬರೆದರೆ ಓದಿದವನು ಕೈಗೆ ಸಿಕ್ಕ ಇಂಜಿನ್ ಆಯಿಲನ್ನೇ ಸವರುತ್ತಾನೆ. ಬ್ರೇಕಿನ ರಬ್ಬರ್ ಖನಿಜತೈಲ ತಾಗಿದರೆ ಊದಿಕೊಂಡು ಪಿಸ್ಟನ್ನನ್ನು ಮತ್ತೆ ಬಿಗಿಹಿಡಿಯುತ್ತದೆ.

ಮೂರನೆಯ ಉತ್ತರದವರು

ಇದು ಎರವಲಿನ ಫಲ. ‘ಬ್ರೇಕ್ ಆಯಿಲ್’ ಎಂದು ಕರೆದು ಕರೆದು ಅದು ಎಣ್ಣೆಯೇ ಎಂದು ಜನ ನಂಬಿದ್ದಾರೆ. ಡಾಟ್ 3, ಡಾಟ್ 4 ಎಂಬ ದರ್ಜೆಗಳ ಬ್ರೇಕ್ ದ್ರವಗಳು ಗ್ಲೈಕಾಲ್ ಜಾತಿಯವು, ಎಣ್ಣೆಯಲ್ಲ. ತೇವ ಹೀರುವುದೂ ಅದಕ್ಕೇ: ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲಿನ ಮಿತಿ 155 ಡಿಗ್ರಿ ಮಾತ್ರ. ಅಚ್ಚಗನ್ನಡದ ಹೆಸರಿದ್ದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಎರಡನೆಯ ಉತ್ತರದವರು

‘ಬ್ರೇಕ್ ಎಣ್ಣೆ’ ಎಂದು ಅಚ್ಚಗನ್ನಡ ಮಾಡಿದ್ದರೂ ಇದೇ ತಪ್ಪು ಆಗುತ್ತಿತ್ತು. ಆ ಜಗಳವನ್ನು ಬೇರೆ ಎಳೆಯಲ್ಲಿ ಮುಂದುವರಿಸಿ, ನಾಳೆ ಅಚ್ಚಾಗಬೇಕಾದ ಫಲಕ ಇದು. ಕೊನೆಯ ಸಾಲು ಹೀಗಿರಲಿ: ‘ಹೊಸ ಸೀಲಿಗೆ ಮುಚ್ಚಳ ಒಡೆಯದ ಡಬ್ಬಿಯ, ಆ ಗಾಡಿಗೆ ಸೂಚಿಸಿದ ಬ್ರೇಕ್ ದ್ರವವನ್ನೇ ಸವರಿರಿ. ಇಂಜಿನ್ ಆಯಿಲ್, ಸಾಮಾನ್ಯ ಗ್ರೀಸ್, ಡೀಸೆಲ್ ತಾಗಿಸಬೇಡಿರಿ.’ ‘ಬ್ರೇಕ್ ದ್ರವ’ ಎಂಬುದರ ಪಕ್ಕದಲ್ಲಿ, ‘ಬ್ರೇಕ್ ಆಯಿಲ್ ಎಂದು ಕರೆಯುವುದು ಇದನ್ನೇ’ ಎಂದು ಒಮ್ಮೆ ಸೇರಿಸಿ, ಇಲ್ಲವಾದರೆ ಅಂಗಡಿಯಲ್ಲಿ ಏನು ಕೇಳಬೇಕೆಂದು ಓದುಗನಿಗೆ ತಿಳಿಯುವುದಿಲ್ಲ.