ಮಣ್ಣಿನಡಿಯ ಕೊಳವೆಗೆ ಹಣವೇಕೆ ಸಿಗುವುದಿಲ್ಲ?

ಪ್ರಶ್ನೆ (ಅರ್ಥಶಾಸ್ತ್ರ ವಿದ್ಯಾರ್ಥಿನಿ): ಅಧಿಕಾರ ಕೆಳಗಿಳಿದಷ್ಟೂ ಹಣ ಜನರ ನಿಜವಾದ ಅಗತ್ಯಕ್ಕೆ ಹೋಗುತ್ತದೆ ಎಂದು ನಮಗೆ ತರಗತಿಯಲ್ಲಿ ಹೇಳಿಕೊಟ್ಟರು. ಆದರೆ ಹೊಸ ಕಟ್ಟಡಕ್ಕೆ, ಮೇಲ್ಸೇತುವೆಗೆ ಸಿಗುವ ಹಣ ಹಳೆಯ ನೀರಿನ ಕೊಳವೆ ಬದಲಿಸಲು ಸಿಗುವುದಿಲ್ಲ. ಇದಕ್ಕೆ ಭ್ರಷ್ಟಾಚಾರವೊಂದೇ ಕಾರಣವೇ?

ಉತ್ತರ (ಸ್ಥಳೀಯ ಸಂಸ್ಥೆಗಳ ಹಣಕಾಸು ಸಲಹೆಗಾರ): ಭ್ರಷ್ಟಾಚಾರವನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಎಲ್ಲರೂ ಪ್ರಾಮಾಣಿಕರೇ ಆಗಿದ್ದರೂ ಕೊಳವೆ ಸೋಲುತ್ತದೆ. ಕೊಳವೆಯ ಆಯುಷ್ಯ ಐವತ್ತು ವರ್ಷ, ಅದನ್ನು ಮಂಜೂರು ಮಾಡುವವರ ಅವಧಿ ನಾಲ್ಕೋ ಐದೋ ವರ್ಷ. ರಸ್ತೆ ಅಗೆದ ಬೈಗುಳವನ್ನು ಇವರು ತಿನ್ನಬೇಕು, ನೀರು ಸೋರದಿದ್ದುದರ ಲಾಭ ಮುಂದೆ ಬರುವವರಿಗೆ. ಜೊತೆಗೆ, ಸೋರದ ಕೊಳವೆಯನ್ನು ಯಾರೂ ಗಮನಿಸುವುದಿಲ್ಲ.

ಕಾಮಗಾರಿಯ ಕಡತ ಮೇಜಿಗೆ ಬಂದಾಗ ನಾನು ಮೊದಲು ಇಬ್ಬರನ್ನು ಹುಡುಕುತ್ತೇನೆ: ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಬರುವವರು ಯಾರು, ಅದರ ಸಾಲದ ಕಂತು ಕಟ್ಟುವವರು ಯಾರು. ನಿಮ್ಮ ಪಾಠ ಇಬ್ಬರೂ ಒಬ್ಬರೇ ಎಂದು ಭಾವಿಸಿಕೊಂಡಿದೆ. ಕೆಳಗಿನವರೇ ತೆರಿಗೆ ಎತ್ತಿ, ಕೆಳಗಿನವರೇ ಖರ್ಚು ಮಾಡಿದರೆ ಆ ಮಾತು ಬಹುಮಟ್ಟಿಗೆ ಸರಿ. ವಾಸ್ತವದಲ್ಲಿ ಹೊಣೆ ಮೊದಲು ಕೆಳಗಿಳಿಯುತ್ತದೆ, ಹಣ ನಿಧಾನವಾಗಿ ಬರುತ್ತದೆ, ತೆರಿಗೆ ಹಾಕುವ ಅಧಿಕಾರ ಮಾತ್ರ ಮೇಲೆಯೇ ಉಳಿದುಬಿಡುತ್ತದೆ.

ಪ್ರಶ್ನೆ (ವೇದಿಕೆಯ ಇನ್ನೊಬ್ಬ ಸದಸ್ಯರು): ಮೇಲಿನ ಸರ್ಕಾರ ಸೂತ್ರದ ಪ್ರಕಾರ ಅನುದಾನ ಹಂಚಿದರೆ ರಾಜಕೀಯ ಹೊರಗುಳಿಯುತ್ತದೆಯಲ್ಲವೇ?

ಉತ್ತರ: ಕಡಿಮೆಯಾಗುತ್ತದೆ, ಹೊರಗುಳಿಯುವುದಿಲ್ಲ. ಸೂತ್ರವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ವೀಡನ್ ನೋಡಿ. ಶಿಸ್ತಿಗೆ ಹೆಸರಾದ ದೇಶ ಅದು. 1998ರ ಚುನಾವಣೆಗೆ ಮುಂಚೆ ಅಲ್ಲಿನ ಕೇಂದ್ರ ಸರ್ಕಾರ ಪರಿಸರ ಯೋಜನೆಗಳಿಗೆಂದು ಪುರಸಭೆಗಳಿಗೆ ತನ್ನ ವಿವೇಚನೆಯಂತೆ ಅನುದಾನ ಕೊಟ್ಟಿತು. ಯಾವ ಪಕ್ಷಕ್ಕೂ ಗಟ್ಟಿಯಾಗಿ ಅಂಟಿಕೊಳ್ಳದ ಮತದಾರರು ಹೆಚ್ಚಿದ್ದ ಪ್ರದೇಶಗಳಿಗೆ ಆ ಹಣ ಒಲಿದಿತ್ತು ಎಂದು ಸಂಶೋಧಕರು ನಂತರ ತೋರಿಸಿದರು.

ಇನ್ನು ಸೂತ್ರದ ವಿಷಯ. ಫಿಲಿಪ್ಪೀನ್ಸ್‌ನ 1991ರ ಸ್ಥಳೀಯ ಆಡಳಿತ ಸಂಹಿತೆಯ ಪ್ರಕಾರ ರಾಷ್ಟ್ರೀಯ ತೆರಿಗೆಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಬರುವ ಪಾಲಿನಲ್ಲಿ ಶೇ 23 ಪ್ರಾಂತ್ಯಗಳಿಗೆ, ಶೇ 23 ನಗರಗಳಿಗೆ, ಶೇ 34 ಪಟ್ಟಣಗಳಿಗೆ, ಶೇ 20 ತಳಮಟ್ಟದ ಬರಂಗಾಯ್‌ಗಳಿಗೆ. ಮೊದಲ ಮೂರು ಗುಂಪುಗಳಲ್ಲಿ ಆಯಾ ಗುಂಪಿನೊಳಗೆ ಜನಸಂಖ್ಯೆಗೆ ಶೇ 50, ವಿಸ್ತೀರ್ಣಕ್ಕೆ ಶೇ 25, ಎಲ್ಲರಿಗೂ ಸಮನಾಗಿ ಶೇ 25. ಇದಕ್ಕಿಂತ ಪಾರದರ್ಶಕವಾದದ್ದು ಬೇಕೇ ಎನಿಸುತ್ತದೆ. ಆದರೆ ನಗರಗಳ ಸಂಖ್ಯೆ ಕಡಿಮೆ, ಪಟ್ಟಣಗಳು ಸಾವಿರಕ್ಕೂ ಹೆಚ್ಚು. ಹೀಗಾಗಿ ಪಟ್ಟಣವೊಂದು ನಗರವಾಗಿಬಿಟ್ಟರೆ ಅದರ ಪಾಲು ಒಮ್ಮೆಲೇ ಉಬ್ಬುತ್ತದೆ. 2007ರಲ್ಲಿ ಕಾನೂನಿನ ಮೂಲಕ 16 ಪಟ್ಟಣಗಳು ನಗರಗಳಾದವು. ತಮ್ಮ ತಟ್ಟೆಗೆ ಕೈ ಹಾಕಿದರೆಂದು ಹಳೆಯ ನಗರಗಳ ಒಕ್ಕೂಟ ನ್ಯಾಯಾಲಯದ ಮೆಟ್ಟಿಲೇರಿತು. 2008ರಿಂದ 2011ರವರೆಗೆ ಸರ್ವೋಚ್ಚ ನ್ಯಾಯಾಲಯ ತನ್ನದೇ ತೀರ್ಪನ್ನು ಹಲವು ಬಾರಿ ಮಗುಚಿ, ಕೊನೆಗೆ ಹೊಸ ನಗರಗಳ ಪರ ನಿಂತಿತು. ಹಣ ಹಂಚುವ ಜಗಳ ಮುಗಿದಲ್ಲಿ 'ಯಾರನ್ನು ನಗರ ಎನ್ನಬೇಕು' ಎಂಬ ಜಗಳ ಶುರುವಾಯಿತು, ಅಷ್ಟೇ. ಆದರೂ ಸೂತ್ರವೇ ಮೇಲು ಎನ್ನುತ್ತೇನೆ. ಈ ಜಗಳವಾದರೂ ಎಲ್ಲರ ಕಣ್ಣೆದುರಿಗೆ ನಡೆಯಿತು.

ಪ್ರಶ್ನೆ: ಅನುದಾನ ಬೇಡ, ಸಾಲ ಎತ್ತಲಿ. ಸಾಲ ಕೊಡುವವರು ಲೆಕ್ಕ ನೋಡಿಯೇ ಕೊಡುತ್ತಾರೆ, ಅಲ್ಲಿ ರಾಜಕೀಯ ನಡೆಯುವುದಿಲ್ಲ.

ಉತ್ತರ: ಸಾಲ ಕೊಡುವವರು ನೋಡುವುದು ಊರಿನ ಲೆಕ್ಕವನ್ನಲ್ಲ, ಊರು ಮುಳುಗಿದರೆ ಮೇಲಿನವರು ಎತ್ತುತ್ತಾರೆಯೇ ಎಂಬುದನ್ನು. ಬ್ರೆಜಿಲ್‌ನಲ್ಲಿ 1989, 1993, 1997ರಲ್ಲಿ ರಾಜ್ಯಗಳ ಸಾಲಕ್ಕೆ ಒಕ್ಕೂಟ ಸರ್ಕಾರ ಹೆಗಲು ಕೊಟ್ಟಿತು. ಒಮ್ಮೆ ಎತ್ತಿದ ಮೇಲೆ ಮತ್ತೆ ಎತ್ತುತ್ತಾರೆಂಬ ನಂಬಿಕೆ ಬೆಳೆಯದೇ ಇರುತ್ತದೆಯೇ? 2000ದಲ್ಲಿ ಹಣಕಾಸು ಹೊಣೆಗಾರಿಕೆಯ ಕಾನೂನು ತಂದು, ಒಂದು ಸರ್ಕಾರ ಇನ್ನೊಂದಕ್ಕೆ ಸಾಲ ಕೊಟ್ಟು ಕಾಪಾಡುವ ದಾರಿಯನ್ನೇ ಮುಚ್ಚಬೇಕಾಯಿತು.

ಚುನಾವಣೆಯ ಕಾಟವಿಲ್ಲದಲ್ಲಿ ಇದೆಲ್ಲ ಇರುವುದಿಲ್ಲ ಎಂದು ಯಾರೋ ಹೇಳುವ ಮುನ್ನ ಚೀನಾದ ಕಥೆಯನ್ನೂ ಹೇಳಿಬಿಡುತ್ತೇನೆ. 1994ರ ತೆರಿಗೆ ಸುಧಾರಣೆ ಆದಾಯದ ದೊಡ್ಡ ಪಾಲನ್ನು ಬೀಜಿಂಗ್‌ಗೆ ಒಯ್ದಿತು, ಖರ್ಚು ಕೆಳಗೇ ಉಳಿಯಿತು, ನೇರವಾಗಿ ಸಾಲ ಎತ್ತಲು ಕಾನೂನಿನ ಅಡ್ಡಿ. ಅಧಿಕಾರಿಗಳ ಬಡ್ತಿಗೆ ಆರ್ಥಿಕ ಬೆಳವಣಿಗೆಯ ಅಂಕಿ ಬೇಕು. ಹಾಗಾಗಿ ಸ್ಥಳೀಯ ಸರ್ಕಾರಗಳು ಕಂಪನಿಗಳನ್ನು ಹುಟ್ಟುಹಾಕಿ, ಜಮೀನನ್ನು ಆಧಾರವಾಗಿಟ್ಟು, ಅವುಗಳ ಹೆಸರಿನಲ್ಲಿ ಸಾಲ ತಂದವು. ಆರ್ಥಿಕ ಹಿಂಜರಿತ ತಡೆಯಲು ತಂದ 2008ರ ಉತ್ತೇಜನ ಯೋಜನೆಯ ನಂತರ ಅದು ಹೊಳೆಯಾಗಿ ಹರಿಯಿತು. 2015ರಿಂದ ಪ್ರಾಂತ್ಯಗಳು ಬಾಂಡ್ ಮೂಲಕ ನೇರವಾಗಿ ಸಾಲ ಎತ್ತಲು ಕಾನೂನು ಒಪ್ಪಿತು. ಬಾಗಿಲು ಮುಚ್ಚಿದ್ದರಿಂದ ಸಾಲ ನಿಂತಿರಲಿಲ್ಲ, ಲೆಕ್ಕದ ಪುಸ್ತಕದಿಂದ ಆಚೆ ಹೋಗಿತ್ತು.

ಪ್ರಶ್ನೆ (ಮಾಜಿ ಚುನಾಯಿತ ಸದಸ್ಯರು): ಕೊನೆಗೆ ಎಲ್ಲ ತಜ್ಞರೂ 'ಆಸ್ತಿ ತೆರಿಗೆ ಹೆಚ್ಚಿಸಿ' ಎನ್ನುತ್ತಾರೆ. ಹೆಚ್ಚಿಸಿದರೆ ಸೋಲುವವರು ನಾವು, ನೀವಲ್ಲ.

ಉತ್ತರ: ಒಪ್ಪಿದೆ. ಸಂಬಳದಲ್ಲಿ ಮುರಿದುಕೊಳ್ಳುವ ತೆರಿಗೆ ಕಣ್ಣಿಗೆ ಬೀಳುವುದಿಲ್ಲ, ಆಸ್ತಿ ತೆರಿಗೆ ಮಾತ್ರ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಅದರ ಮೇಲೆ ಅಷ್ಟು ಸಿಟ್ಟು. ಕ್ಯಾಲಿಫೋರ್ನಿಯಾದ ಮತದಾರರು 1978ರಲ್ಲಿ 'ಪ್ರಸ್ತಾವ 13' ಗೆಲ್ಲಿಸಿ ಆ ತೆರಿಗೆಯನ್ನು ಆಸ್ತಿ ಮೌಲ್ಯದ ಶೇ 1ಕ್ಕೆ ಕಟ್ಟಿಹಾಕಿದರು. ಮಾಲೀಕತ್ವ ಬದಲಾಗುವವರೆಗೆ ತೆರಿಗೆಗೆ ಲೆಕ್ಕ ಹಾಕುವ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ರಸ್ತೆ, ಚರಂಡಿಯ ಖರ್ಚು ಅದರಿಂದ ಇಳಿಯಲಿಲ್ಲ. ಹೊಸ ಬಡಾವಣೆಗಳ ಶುಲ್ಕವಾಗಿ, 1982ರ ಕಾನೂನಿನಡಿ ರಚನೆಯಾದ ವಿಶೇಷ ವಲಯಗಳ ತೆರಿಗೆಯಾಗಿ ಬೇರೆಯವರ ತಲೆಗೆ ಹೋಯಿತು. ಹೊಸದಾಗಿ ಬರುವವರಿಗೆ ಆ ಹೊತ್ತಿಗೆ ಅಲ್ಲಿ ಮತವೇ ಇರುವುದಿಲ್ಲ ನೋಡಿ.

ನಿಮಗೆ ನನ್ನ ಸಲಹೆ ಇಷ್ಟೇ: ತೆರಿಗೆಯನ್ನು ಒಂಟಿಯಾಗಿ ಹೆಚ್ಚಿಸಬೇಡಿ. ಯಾವ ಬೀದಿಯ ಯಾವ ಕೊಳವೆಗೆ ಎಂದು ಹೆಸರಿಸಿ ಹೆಚ್ಚಿಸಿ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಿಂದ ನಿವಾಸಿಗಳ ಸಭೆಗಳೇ ಹೂಡಿಕೆಯ ಆದ್ಯತೆ ಹೇಳತೊಡಗಿದಾಗ ಮುಂದೆ ಬಂದವು ಬೀದಿಗೆ ಡಾಂಬರು, ಒಳಚರಂಡಿಯಂಥ ಕೆಲಸಗಳು. ಜನರಿಗೆ ಚರಂಡಿ ಬೇಡ ಎಂಬುದು ಸುಳ್ಳು. ಆದರೆ ಆ ಪದ್ಧತಿಯೂ ಅದನ್ನು ತಂದ ಪಕ್ಷ ಅಧಿಕಾರ ಕಳೆದುಕೊಂಡ ಮೇಲೆ ಸೊರಗಿತು.

ಪ್ರಶ್ನೆ (ವಿದ್ಯಾರ್ಥಿನಿ): ಕೊನೆಯದಾಗಿ, ಒಂದು ಸ್ಥಳೀಯ ಸಂಸ್ಥೆಯ ಬಜೆಟ್ ಕೈಗೆ ಸಿಕ್ಕರೆ ಮೊದಲು ಏನು ನೋಡಬೇಕು?

ಉತ್ತರ: ಹೊಸ ಕಾಮಗಾರಿಗಳ ಪಟ್ಟಿಯನ್ನು ಬಿಡಿ, ಅದು ಭಾಷಣಕ್ಕೆ ಬರೆದದ್ದು. ನಿರ್ವಹಣೆಯ ಸಾಲು ಹುಡುಕಿ, ಅಂದಾಜು ಎಷ್ಟು, ವರ್ಷದ ಕೊನೆಗೆ ನಿಜವಾಗಿ ಖರ್ಚಾದದ್ದು ಎಷ್ಟು ಎಂದು ಹೋಲಿಸಿ. ಆಮೇಲೆ ಚುನಾವಣೆಯ ವರ್ಷದ್ದನ್ನೂ ಅದರ ಮುಂದಿನ ವರ್ಷದ್ದನ್ನೂ ಪಕ್ಕಪಕ್ಕ ಇಡಿ. ಐದಾರು ವರ್ಷದ ಪುಸ್ತಕ ಸಿಕ್ಕರೆ ಇಲ್ಲಿ ಹಾಕಿ, ಒಟ್ಟಿಗೆ ಓದೋಣ.