ಪೇಪರ್ ಮೊದಲೋ, ಕಂಪನಿ ಮೊದಲೋ? ಅನುಭವ ಇದ್ದವರು ಹೇಳಿ

ಹುಬ್ಬಳ್ಳಿ ಹುಡುಗ, 6ನೇ ಸೆಮ್: ಒಣಮೆಣಸಿನಕಾಯಿ ಚೀಲದ ತೇವ ಅಳೆಯುವ ಸಣ್ಣ ಮಶೀನ್ ಮಾಡಿದ್ದೇನೆ. ಗೈಡ್ ಸರ್ ಜರ್ನಲ್‌ಗೆ ಪೇಪರ್ ಕಳಿಸು ಅಂತಾರೆ, ರೂಮಿನವರು ಕಂಪನಿ ತೆಗೆಯೋಣ ಅಂತಾರೆ, ಅಪ್ಪ ಎಂ.ಟೆಕ್‌ಗೆ ಗೇಟ್ ಪರೀಕ್ಷೆ ಬರಿ ಅಂತಾರೆ. ಏನು ಮಾಡಲಿ?

ಗದಗಿನವ: ತಮ್ಮಾ, ನಾನು ಹೆಸರುಕಾಳು ತೂಗುವ ಯಂತ್ರ ಮಾಡಿದ್ದೆ. ಸರ್ಕ್ಯೂಟ್ ಬೋರ್ಡ್ ಮೂರು ಸಲ ಮಾಡಿಸಿದೆ. ಮೊದಲು 4,200, ಆಮೇಲೆ 6,850. ಅದರಲ್ಲಿ ಕನೆಕ್ಟರ್ ಉಲ್ಟಾ, ತಪ್ಪು ನನ್ನದೇ. ಮೂರನೆಯದು ಎಪಿಎಂಸಿ ಧೂಳಿಗೆ ಎಂಟು ದಿನ ತಡೆಯಲಿಲ್ಲ. ತಟ್ಟೆಯ ಕೆಳಗೆ ಕಾಳು ಸಿಕ್ಕಿಕೊಂಡು ತೂಕ ಅರ್ಧ ಕಿಲೋ ಕಮ್ಮಿ ತೋರಿಸಿತು. ಹಮಾಲರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ವ್ಯಾಪಾರಕ್ಕೆ ತೂಗಬೇಕಾದರೆ ತೂಕ-ಅಳತೆ ಇಲಾಖೆಯ ಮುದ್ರೆ ಬೇಕು ಅನ್ನೋದು ಗೊತ್ತಾಗಿದ್ದೇ ಕೊನೆಗೆ. 83,000 ಹೋಯಿತು. ಅದರಲ್ಲಿ 40,000 ಅವ್ವನ ಸಂಘದ ಸಾಲ. ಈಗ ಬೆಂಗಳೂರಲ್ಲಿ ನೌಕರಿ ಮಾಡಿ ತೀರಿಸುತ್ತಿದ್ದೇನೆ.

ಧಾರವಾಡದ ಅಕ್ಕ: ನಾನು ಜರ್ನಲ್‌ಗೆ ಮೊದಲು ಕಳಿಸಿದೆ, ಅಚ್ಚಾಯಿತು, ಮನೆಯಲ್ಲಿ ಪೇಡೆ ಹಂಚಿದರು. ಆರು ತಿಂಗಳ ಮೇಲೆ ಪೇಟೆಂಟ್ ಅರ್ಜಿ ಹಾಕಿದರೆ ಮೊದಲೇ ಅಚ್ಚಾಗಿದೆ, ಹೊಸದಲ್ಲ ಅಂತ ನನ್ನ ಪೇಪರನ್ನೇ ನನಗೆ ಅಡ್ಡ ಹಿಡಿದರು! ಅರ್ಜಿಗೆ 1,600, ಪರಿಶೀಲನೆಗೆ 4,000, ಏಜೆಂಟಿಗೆ 28,000. ಎಲ್ಲಾ ನೀರಲ್ಲಿ ಹೋಮ.

ನವನಗರದವ: ಅಚ್ಚಾದ ಮೇಲೂ ಅರ್ಜಿ ಹಾಕೋಕೆ 12 ತಿಂಗಳ ರಿಯಾಯಿತಿ ಇದೆ ಅಲ್ವಾ ಮೇಡಂ, ಪೇಟೆಂಟ್ ಕಾಯ್ದೆಯ ಸೆಕ್ಷನ್ 31? ನಿಮ್ಮ ಏಜೆಂಟ್ ಸರಿ ಇಲ್ಲ.

ಧಾರವಾಡದ ಅಕ್ಕ: ಸೆಕ್ಷನ್ ಓದಿದ್ದೀರೋ, ಸುಮ್ನೆ ನಂಬರ್ ಕೇಳಿದ್ದೀರೋ? ವಿದ್ವತ್ ಸಂಘದ ಮುಂದೆ ಓದಿದ ಪೇಪರ್, ಸರ್ಕಾರ ಗೆಜೆಟ್‌ನಲ್ಲಿ ಸಾರಿದ ಪ್ರದರ್ಶನ, ಇಂಥವಕ್ಕೆ ಮಾತ್ರ ಅದು. ಪೇಪರಿಗಿಂತ ಮೊದಲೇ ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ, ಹಾಕಿದ್ದರೆ ಪೂರ್ತಿ ವಿವರ ಕೊಡೋಕೆ ವರ್ಷ ಸಿಗುತ್ತಿತ್ತು. ನನಗೆ ಯಾರೂ ಹೇಳಲಿಲ್ಲ. ನೀವೂ ಆಗ ಇರಲಿಲ್ಲ.

ಬ್ಯಾಡಗಿ ಕಡೆಯವ: ಪೇಟೆಂಟ್ ಇರಲಿ. ಹುಡುಗಾ, ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಜಾತಿ, ನಿನ್ನ ಮಶೀನ್ ಡಬ್ಬಿಗೋ ಕಡ್ಡಿಗೋ?

ಗದಗಿನವ: ಕಾಯಿ ಯಾವುದಾದರೇನ್ರಿ, ತೇವ ತೇವನೇ.

ಬ್ಯಾಡಗಿ ಕಡೆಯವ: ಅದಕ್ಕೇ ನಿಮ್ಮ ಯಂತ್ರ ಎಂಟು ದಿನಕ್ಕೆ ಮಲಗಿದ್ದು. ಡಬ್ಬಿ ದಪ್ಪ, ಬೀಜ ಜಾಸ್ತಿ. ಕಡ್ಡಿ ಉದ್ದ, ತೆಳು, ಬೀಜ ಕಮ್ಮಿ. ಚೀಲದಲ್ಲಿ ಎರಡೂ ಒಂದೇ ಥರ ಕೂರಲ್ಲ. ತೊಟ್ಟಿನ ಹತ್ತಿರ ಹಸಿ ಉಳಿದಿರುತ್ತೆ, ಮೇಲೆ ಗರಿಗರಿ. ನಮ್ಮಪ್ಪ ಮುರಿದು ಸಪ್ಪಳ ಕೇಳಿ ಹೇಳ್ತಾರೆ.

ಗದಗಿನವ: ಹಾಗಾದರೆ ನಿಮ್ಮಪ್ಪನಿಗೇ ಪೇಟೆಂಟ್ ಮಾಡಿಸಿ.

ನವನಗರದವ: ಯಂತ್ರ ಮಲಗಿದ್ದು ಧೂಳಿಗೆ ಅಂತ ಅವರೇ ಹೇಳಿದ್ದಾರಲ್ಲ, ಬ್ಯಾಡಗಿಯವರೇ.

ಧಾರವಾಡದ ಅಕ್ಕ: ಇದನ್ನಾದರೂ ಓದಿ ಬಂದಿದ್ದೀರಿ, ಸಂತೋಷ.

ಹುಬ್ಬಳ್ಳಿ ಹುಡುಗ: ನಾನು ಕಡ್ಡಿಯಲ್ಲಿ ಮಾತ್ರ ನೋಡಿದ್ದೆ. ಅಣ್ಣಾ, ಡಬ್ಬಿ ಒಂದು ಚೀಲ ಕೊಡ್ತೀರಾ, ಎರಡು ದಿನಕ್ಕೆ?

ಬ್ಯಾಡಗಿ ಕಡೆಯವ: ಬಾ. ಚೀಲ ಬಿಚ್ಚಿದ ಮೇಲೆ ನೀನೇ ಹೊಲಿದು ಕೊಡಬೇಕು.