ಮನೆ ಬಿಯರ್‌ಗೆ 50 ಲೀಟರ್ ಕೋನಿಕಲ್ ಫರ್ಮೆಂಟರ್: ಬಳಸಿದವರು ಹೇಳಿದ್ದು

ಪ್ರಶ್ನೆ, ಬನಶಂಕರಿಯಿಂದ:
ಎಲ್ಲರಿಗೂ ನಮಸ್ಕಾರ. ಈಗ ಪ್ಲಾಸ್ಟಿಕ್ ಬಕೆಟ್‌ನಲ್ಲಿ 20 ಲೀಟರ್ ಬಿಯರ್ ಹುದುಗಿಸುತ್ತೇನೆ. 50 ಲೀಟರ್‌ಗೆ ಹೋಗುವ ಆಸೆ ಬಂದಿದೆ. ತಳ ಚೂಪಾಗಿರುವ ಕೋನಿಕಲ್ ಫರ್ಮೆಂಟರ್ (ಹುದುಗಿಸುವ ಪಾತ್ರೆ) ತಗೋಬೇಕು ಅಂದುಕೊಂಡಿದ್ದೇನೆ. ಸ್ಟೀಲಿನದು ಹೊರದೇಶದಿಂದ ತರಿಸಲಾ, ಪ್ಲಾಸ್ಟಿಕ್ ಸಾಕಾ, ಇಲ್ಲಾ ಪೀಣ್ಯದಲ್ಲಿ ಯಾರ ಹತ್ತಿರವಾದರೂ ಮಾಡಿಸಲಾ? ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಕೈಯಲ್ಲಿ ಹಿಡಿದು ಬಳಸಿದವರು ಹೇಳಿ. ಕ್ಯಾಟಲಾಗ್ ನಾನೂ ಓದಿದ್ದೇನೆ.

ವಿಜಯನಗರದಿಂದ:
ಪಾತ್ರೆ ಬಗ್ಗೆ ಉಳಿದವರು ಹೇಳುತ್ತಾರೆ, ಯಾರಿಗೂ ಇಷ್ಟವಾಗದ ಮಾತು ನಾನು ಹೇಳಿಬಿಡುತ್ತೇನೆ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಮದ್ಯ ತಯಾರಿಸೋಕೆ ಪರವಾನಗಿ ಬೇಕು. ಅಮೆರಿಕದಲ್ಲಿ 1978ರಲ್ಲಿ ಆದ ಕಾನೂನಿನಿಂದ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ತನಕ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ. ನಾವು ನೋಡುವ ವಿಡಿಯೋಗಳು ಹೆಚ್ಚಿನವು ಅಲ್ಲಿನವು. ಅದನ್ನು ನೋಡಿ ಇಲ್ಲೂ ಹಾಗೇ ಅಂದುಕೊಳ್ಳಬೇಡಿ. ದೊಡ್ಡ ಪಾತ್ರೆಗೆ ದುಡ್ಡು ಹಾಕುವ ಮೊದಲು ಅಬಕಾರಿ ವಿಷಯ ಗೊತ್ತಿರುವ ವಕೀಲರನ್ನು ಕೇಳಿ.

ಮಲ್ಲೇಶ್ವರದಿಂದ:
ಮೇಲಿನವರು ಹೇಳಿದ್ದು ಸರಿ, ಅದನ್ನು ಮೊದಲು ಮುಗಿಸಿಕೊಳ್ಳಿ. ನಾನು ಕೋನಿಕಲ್ ಬಳಸಿದ್ದು ಡೆನ್ವರ್‌ನಲ್ಲಿದ್ದ ವರ್ಷಗಳಲ್ಲಿ, 14 ಗ್ಯಾಲನ್ನಿನ ಸ್ಟೀಲ್ ಪಾತ್ರೆ. 14 ಗ್ಯಾಲನ್ ಅಂದರೆ ಸುಮಾರು 53 ಲೀಟರ್, ಆದರೆ ಅದರಲ್ಲಿ 53 ಲೀಟರ್ ಬಿಯರ್ ಆಗುವುದಿಲ್ಲ. ಏಲ್ (ಬೆಚ್ಚಗೆ ಹುದುಗುವ ಬಿಯರ್) ಯೀಸ್ಟ್ ನೊರೆ ಎಬ್ಬಿಸುವುದಕ್ಕೆ ಮೇಲೆ ಕಾಲು ಭಾಗದಷ್ಟು ಜಾಗ ಬೇಕು. ಹಾಗಾಗಿ 40-42 ಲೀಟರ್ ಅಷ್ಟೇ ಹಾಕುತ್ತಿದ್ದೆ. ನಿಮಗೆ ನಿಜವಾಗಿ 50 ಲೀಟರ್ ಬೇಕಿದ್ದರೆ 65 ಲೀಟರ್ ಹತ್ತಿರದ ಪಾತ್ರೆ ನೋಡಬೇಕಾಗುತ್ತದೆ.

ಈಗ ನನ್ನ ಅಭಿಪ್ರಾಯ, ಬೇಜಾರು ಮಾಡ್ಕೋಬೇಡಿ. ಕೋನ್‌ನಿಂದ ಬಿಯರ್ ರುಚಿ ಹೆಚ್ಚಾಗುವುದಿಲ್ಲ. ಯೀಸ್ಟ್ ತಳದಲ್ಲಿ ಕೂತು ಸತ್ತು ಬಿಯರ್ ಕೆಡುತ್ತದೆ ಅನ್ನುವ ಹೆದರಿಕೆ ದೊಡ್ಡ ಬ್ರೂವರಿಗಳದ್ದು. ಅಲ್ಲಿ ಟ್ಯಾಂಕ್ ಮನೆ ಎತ್ತರ, ಮೇಲಿನ ಬಿಯರಿನ ಒತ್ತಡವೆಲ್ಲ ಯೀಸ್ಟ್ ಮೇಲೆ, ಜೊತೆಗೆ ಆ ಗಟ್ಟಿ ಪದರದ ಒಳಗೆ ಬಿಸಿಯೂ ಸೇರಿಕೊಳ್ಳುತ್ತದೆ. ನಿಮ್ಮ 50 ಲೀಟರಿನಲ್ಲಿ ಮೂರು ವಾರ ಯೀಸ್ಟ್ ತಳದಲ್ಲಿದ್ದರೆ ಏನೂ ಆಗುವುದಿಲ್ಲ. ಕೋನ್ ಕೊಡುವುದು ಅನುಕೂಲ. ಮುಚ್ಚಳ ತೆಗೆಯದೆ ಗಸಿ ಹೊರಗೆ ಬಿಡಬಹುದು, ಯೀಸ್ಟ್ ಹಿಡಿದಿಟ್ಟು ಮುಂದಿನ ಬ್ಯಾಚಿಗೆ ಹಾಕಬಹುದು, ಗಾಳಿ ತಾಗದಂತೆ ಬಿಯರನ್ನು ನೇರ ಕೆಗ್‌ಗೆ (ಬಿಯರ್ ತುಂಬಿಡುವ ಪೀಪಾಯಿ) ಇಳಿಸಬಹುದು. ಈ ಕೊನೆಯದು ಮಾತ್ರ ರುಚಿಗೂ ಸಂಬಂಧಪಟ್ಟಿದ್ದು. ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಜಾಸ್ತಿ ಹಾಕುವ ಐಪಿಎ ಅನ್ನುವ ಏಲ್‌ಗೆ ಆಮ್ಲಜನಕ ತಾಗಿದರೆ ಬಣ್ಣ ಕಂದಾಗಿ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಆದರೆ ಅದಕ್ಕೆ ಕೋನ್ ಬೇಕೇಬೇಕು ಅಂತಿಲ್ಲ. ತಳ ಚಪ್ಪಟೆ ಇರುವ, ಮುಚ್ಚಿಕೊಳ್ಳುವ ಕೆಗ್‌ನಲ್ಲೂ ಆಗುತ್ತದೆ.

ರುಚಿ ನಿಲ್ಲುವುದು ಉಷ್ಣತೆಯ ಮೇಲೆ. ಬೆಂಗಳೂರು ತಣ್ಣಗಿದೆ ಅಂತ ನಾವೇ ಹೇಳಿಕೊಂಡು ಓಡಾಡುತ್ತೇವೆ, ಏಪ್ರಿಲ್‌ನಲ್ಲಿ ಮಧ್ಯಾಹ್ನ 34 ಡಿಗ್ರಿ ಇರುತ್ತದೆ. ಹೆಚ್ಚಿನ ಏಲ್ ಯೀಸ್ಟ್‌ಗಳಿಗೆ 18ರಿಂದ 20 ಸಾಕು, ಲಾಗರ್‌ಗೆ (ತಣ್ಣಗೆ ಹುದುಗುವ ಬಿಯರ್) 10-12. ಹುದುಗುವಾಗ ಯೀಸ್ಟ್ ತಾನೇ ಬಿಸಿ ಹುಟ್ಟಿಸುತ್ತದೆ, ಜೋರಾಗಿದ್ದಾಗ ಕೋಣೆಗಿಂತ 3-5 ಡಿಗ್ರಿ ಮೇಲೆ ಹೋಗುತ್ತದೆ. ಪಾತ್ರೆ ದೊಡ್ಡದಾದಷ್ಟೂ ಆ ಬಿಸಿ ಹೊರಗೆ ಹೋಗುವುದು ಕಷ್ಟ, ಯಾಕಂದರೆ ಒಳಗಿನ ದ್ರವ ಹೆಚ್ಚಾದಷ್ಟು ಹೊರಗಿನ ಮೈ ಹೆಚ್ಚಾಗುವುದಿಲ್ಲ. ಅಂದರೆ ನಿಮ್ಮ 20 ಲೀಟರ್ ಬಕೆಟ್ ಹೇಗೋ ತಡೆದುಕೊಂಡ ಸೆಕೆಯನ್ನು 50 ಲೀಟರ್ ತಡೆದುಕೊಳ್ಳುವುದಿಲ್ಲ. ಬಾಳೆಹಣ್ಣಿನ ವಾಸನೆ, ನೇಲ್ ಪಾಲಿಶ್ ವಾಸನೆ, ಇವೆಲ್ಲ ಬಿಸಿಯಾಗಿ ಹುದುಗಿದ್ದರ ಗುರುತು.

ಹಾಗಾಗಿ ಕೋನಿಕಲ್‌ಗೆ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಮೊದಲು ತಣ್ಣಗಿಡುವ ವ್ಯವಸ್ಥೆ ಮಾಡಿ. ಒಂದು ದಾರಿ, ಹಳೆ ಫ್ರಿಡ್ಜ್ ಅಥವಾ ಡೀಪ್ ಫ್ರೀಜರ್‌ಗೆ ಟೆಂಪರೇಚರ್ ಕಂಟ್ರೋಲರ್ ಹಾಕುವುದು, ಎಸ್.ಪಿ. ರೋಡ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಇನ್ನೊಂದು, ಪಾತ್ರೆ ಒಳಗೆ ಸ್ಟೀಲ್ ಕಾಯಿಲ್ ಇಟ್ಟು ತಣ್ಣೀರು ಸುತ್ತಿಸುವುದು, ಹೊರಗೆ ನಿಯೋಪ್ರೀನ್ ಹೊದಿಕೆ. 50 ಲೀಟರ್ ಕೋನಿಕಲ್ ಕಾಲು ಸಮೇತ ಹತ್ತಿರ ಹತ್ತಿರ ಒಂದು ಮೀಟರ್ ಎತ್ತರ ಇರುತ್ತದೆ, ಸಾಮಾನ್ಯ ಮನೆ ಫ್ರಿಡ್ಜ್ ಒಳಗೆ ಹೋಗುವ ಮಾತೇ ಇಲ್ಲ. ಆಗ ಕಾಯಿಲ್ ಒಂದೇ ಉಳಿಯುತ್ತದೆ. ಅದಕ್ಕೆ ಚಿಲ್ಲರ್ (ನೀರು ತಣ್ಣಗಾಗಿಸುವ ಯಂತ್ರ) ಬೇಕು, ಚಿಲ್ಲರ್‌ಗೆ ಜಾಗ ಬೇಕು, ಸದ್ದು ಮನೆಯವರಿಗೆ ಒಪ್ಪಿಗೆ ಆಗಬೇಕು. ಒಂದು ಸಮಾಧಾನ, ಕರೆಂಟ್ ಹೋದರೆ ಹೊದಿಕೆ ಹಾಕಿದ 50 ಲೀಟರ್ ಬೇಗ ಬಿಸಿಯಾಗುವುದಿಲ್ಲ. ಕಾಯಿಲಿನ ಇನ್ನೊಂದು ಲಾಭ, ಇಲ್ಲಿ ನಲ್ಲಿ ನೀರು ಎಷ್ಟು ಹರಿಸಿದರೂ ಕುದಿಸಿದ ವರ್ಟ್ (ಹುದುಗುವ ಮೊದಲಿನ ಮಾಲ್ಟ್ ರಸ) 20 ಡಿಗ್ರಿಗೆ ಇಳಿಯುವುದಿಲ್ಲ, ನೀರೇ ಬೆಚ್ಚಗಿರುತ್ತದೆ. ಉಳಿದ ಆರೇಳು ಡಿಗ್ರಿಯನ್ನು ಫರ್ಮೆಂಟರ್ ಕಾಯಿಲಿನಲ್ಲೇ ಇಳಿಸಿ ಆಮೇಲೆ ಯೀಸ್ಟ್ ಹಾಕಬಹುದು.

ಬಸವನಗುಡಿಯಿಂದ:
ಪ್ಲಾಸ್ಟಿಕ್ ಅಂದರೆ ಮೂಗು ಮುರಿಯುವವರಿಗೆ ನನ್ನದೊಂದು ವಿರೋಧ ಇರಲಿ. ಅಣ್ಣನ ಮನೆ ಮೆಲ್ಬರ್ನ್‌ನಲ್ಲಿ, ಅಲ್ಲಿ ಇಬ್ಬರೂ ಸೇರಿ ಫರ್ಮ್‌ಜಿಲ್ಲಾ ಅನ್ನುವ ಕೋನಿಕಲ್ ಬಳಸುತ್ತಿದ್ದೆವು. ಪೆಟ್ ಪ್ಲಾಸ್ಟಿಕ್, 55 ಲೀಟರಿನದೂ ಬರುತ್ತದೆ. ಒಬ್ಬರೇ ಎತ್ತಿಕೊಂಡು ಮೆಟ್ಟಿಲು ಹತ್ತಬಹುದು, ಖಾಲಿ ಇದ್ದಾಗ ಮಾತ್ರ! ಒಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ, ಹೊಸಬರಿಗೆ ಅದೇ ಒಂದು ಪಾಠ. 2.4 ಬಾರ್ ತನಕ ಒತ್ತಡ ತಡೆಯುತ್ತದೆ, ಹಾಗಾಗಿ ಅದರಲ್ಲೇ ಗ್ಯಾಸ್ ತುಂಬಿಸಿ ಕೆಗ್‌ಗೆ ತಳ್ಳಬಹುದು. ಮನೆಗೆ ಅಂತ ಮಾಡಿದ ಒತ್ತಡದ ಸ್ಟೀಲ್ ಕೋನಿಕಲ್‌ಗಳಲ್ಲಿ ಎಷ್ಟೋ 1 ಬಾರ್‌ಗೆ ನಿಲ್ಲುತ್ತವೆ.

ಆದರೆ ಬಿಸಿ ತಡೆಯುವುದಿಲ್ಲ. ಕುದಿಯುವ ನೀರು ಹಾಕಿ ತೊಳೆಯುತ್ತೇನೆ ಅಂದರೆ ಪೆಟ್ ಸೊಟ್ಟಗಾಗುತ್ತದೆ, ಕಾಸ್ಟಿಕ್ ಸೋಡಾವನ್ನು ಹತ್ತಿರ ತರಬೇಡಿ. ಸ್ಕ್ರಬ್ಬರ್ ಹಾಕಿ ಉಜ್ಜಿದರೆ ಗೀರು ಬೀಳುತ್ತದೆ, ಗೀರಿನಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಎರಡು ವರ್ಷಕ್ಕೊಮ್ಮೆ ನೀರು ತುಂಬಿ ಒತ್ತಡ ಪರೀಕ್ಷೆ ಮಾಡಬೇಕು ಅಂತ ತಯಾರಕರೇ ಹೇಳುತ್ತಾರೆ, ಸುಮ್ನೆ ಬಿಡಬೇಡಿ. ಪಾರದರ್ಶಕ ಆದ್ದರಿಂದ ಬಿಸಿಲು ಬಿದ್ದರೆ ಹಾಪ್ಸ್ ಕೆಟ್ಟ ವಾಸನೆ ಹೊಡೆಯುತ್ತದೆ, ಬಟ್ಟೆ ಸುತ್ತಿಡಿ. ಕೆಳಗೆ ಗಸಿ ಹಿಡಿಯುವ ಬಾಟಲಿ ಇರುತ್ತದಲ್ಲ, ಅದನ್ನು ಖಾಲಿ ಮಾಡಿ ಮತ್ತೆ ಹಾಕಿ ವಾಲ್ವ್ ತೆಗೆದರೆ ಅದರಲ್ಲಿರುವ ಗಾಳಿಯೆಲ್ಲ ಗುಳುಗುಳು ಅಂತ ಬಿಯರಿನೊಳಗೆ ಏರುತ್ತದೆ. ಮೊದಲು ಬಾಟಲಿಗೆ ಇಂಗಾಲದ ಡೈಆಕ್ಸೈಡ್ ತುಂಬಿ ಗಾಳಿ ಹೊರಗೆ ಕಳಿಸಬೇಕು.

ದಾಸರಹಳ್ಳಿಯಿಂದ:
ನಾನು ಡೈರಿ ಟ್ಯಾಂಕ್ ಮಾಡುವ ವರ್ಕ್‌ಶಾಪ್‌ನಲ್ಲಿದ್ದವನು, ಬಿಯರ್ ಮಾಡಿದವನಲ್ಲ. ಪೀಣ್ಯದಲ್ಲಿ ಮಾಡಿಸುವ ವಿಷಯ ಮಾತ್ರ ಹೇಳುತ್ತೇನೆ. ಮಾಡಿಸಬಹುದು ಸಾರ್, ಆದರೆ ಮದುವೆ ಮನೆ ಪಾತ್ರೆ ಮಾಡುವವರ ಹತ್ತಿರ ಹೋಗಬೇಡಿ, ಹಾಲು ಅಥವಾ ಔಷಧಿ ಕಂಪನಿಗಳಿಗೆ ಮಾಡಿಕೊಡುವವರನ್ನು ಹುಡುಕಿ. 304 ಗ್ರೇಡ್ ಸ್ಟೀಲ್ ಅಂತ ಹೇಳಿ ಅಗ್ಗದ 202 ಹಾಕುವುದುಂಟು. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುವುದಿಲ್ಲ, ಎರಡೂ ಹೆಚ್ಚುಕಡಿಮೆ ಅಂಟುವುದಿಲ್ಲ. ಶೀಟಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಇಲ್ಲಾ ಗುಜರಿಯವರು ಬಳಸುವ ಪರೀಕ್ಷೆ ದ್ರವದ ಒಂದು ಹನಿ ಹಾಕಿಸಿ, ಬಣ್ಣ ಹೇಳುತ್ತದೆ.

ವೆಲ್ಡಿಂಗ್ ಆರ್ಗಾನ್ ಅನಿಲದಲ್ಲಿ ಆಗಬೇಕು, ಹೊರಗಿನಿಂದಷ್ಟೇ ಅಲ್ಲ, ವೆಲ್ಡ್ ಹಾಕುವಾಗ ಒಳಗಡೆಯೂ ಆರ್ಗಾನ್ ಹರಿಸಬೇಕು. ಇಲ್ಲದಿದ್ದರೆ ಒಳಮೈಯಲ್ಲಿ ಕಪ್ಪಗೆ ಸಕ್ಕರೆ ಹರಳಿನ ಹಾಗೆ ಉಬ್ಬುತ್ತದೆ, ಅಲ್ಲಿ ಕೊಳೆ ಕೂತರೆ ಯಾವ ಕೆಮಿಕಲ್‌ಗೂ ಹೋಗುವುದಿಲ್ಲ. ಕೈ ಹಾಕಿ ವೆಲ್ಡ್ ಸವರಿ ನೋಡಿ, ಉಗುರು ಸಿಕ್ಕಿಕೊಂಡರೆ ವಾಪಸ್ ಕೊಡಿ. ಕಬ್ಬಿಣಕ್ಕೆ ಬಳಸಿದ ಗ್ರೈಂಡಿಂಗ್ ಡಿಸ್ಕ್ ಇದಕ್ಕೆ ತಾಗಿಸಬಾರದು, ಆಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಕೋನಿನ ಎರಡು ಗೋಡೆಗಳ ನಡುವೆ 60 ಡಿಗ್ರಿ ಇರಲಿ. ಶೀಟ್ ಉಳಿಸೋಕೆ 90 ಮಾಡುತ್ತಾರೆ, ಆಗ ನಿಮ್ಮ ಯೀಸ್ಟ್ ಜಾರದೆ ಇಳಿಜಾರಿನಲ್ಲೇ ಕೂರುತ್ತದೆ ಅಂತ ಬ್ರೂವರಿಯವರು ನಮ್ಮ ಹತ್ತಿರ ಜಗಳ ಮಾಡಿದ್ದಾರೆ. ಫಿಟ್ಟಿಂಗ್ ಎಲ್ಲ ಟಿಸಿ (ಟ್ರೈ-ಕ್ಲ್ಯಾಂಪ್, ಕೈಯಲ್ಲೇ ಬಿಚ್ಚುವ ಜೋಡಣೆ) ಕ್ಲ್ಯಾಂಪ್ ಇರಲಿ, ಚೂಡಿ (ತಿರುಪು) ಇರುವುದು ಬೇಡ. ಒಂದು ಇಂಚು ಮತ್ತು ಒಂದೂವರೆ ಇಂಚಿನ ಟಿಸಿ ಎರಡರ ಮುಖವೂ 50.5 ಮಿಲಿಮೀಟರ್, ಒಂದೇ ಕ್ಲ್ಯಾಂಪ್ ಸಾಕು. ಎರಡು ಇಂಚಿನದು 64. ತಳಕ್ಕೆ ಎರಡು ಇಂಚೇ ಇಡಿಸಿ.

ಒತ್ತಡ ಹಾಕುತ್ತೇನೆ ಅಂತಿದ್ದರೆ ಮೊದಲೇ ಹೇಳಿ. ಸುಮ್ನೆ ಮುಚ್ಚಳ ಬಿಗಿ ಮಾಡಿ ಗ್ಯಾಸ್ ಬಿಡುವ ಆಟ ಬೇಡ. ನೀರು ತುಂಬಿ ಪರೀಕ್ಷೆ ಮಾಡಿಸಿ, ಸೇಫ್ಟಿ ವಾಲ್ವ್ ಹಾಕಿಸಿ. ಗಾಳಿ ತುಂಬಿ ಪರೀಕ್ಷೆ ಮಾಡುವವರ ಪಕ್ಕ ನಿಲ್ಲಬೇಡಿ.

ಬನಶಂಕರಿಯಿಂದ ಮತ್ತೆ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ವಕೀಲರ ಮಾತು ನೆನಪಿದೆ, ಅದಾಗದೆ ಏನೂ ಕೊಳ್ಳುವುದಿಲ್ಲ. ತೊಳೆಯುವುದು ಎಷ್ಟು ಕಷ್ಟ? ನಮ್ಮ ಬೀದಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು.

ಜೆ.ಪಿ. ನಗರದಿಂದ:
ತೊಳೆಯುವುದೇ ಕೆಲಸ ಸರ್, ಬಿಯರ್ ಮಾಡುವುದು ಅದರ ನಡುವೆ ಸಿಗುವ ಬಿಡುವು. ನಾನು ಮೈಕ್ರೋಬ್ರೂವರಿಯಲ್ಲಿ ಟ್ಯಾಂಕ್ ನೋಡಿಕೊಳ್ಳುತ್ತಿದ್ದೆ. ಟ್ಯಾಂಕ್ ತುಂಬ ನೀರು ತುಂಬಿಸಿ ತೊಳೆಯಬೇಕಾಗಿಲ್ಲ. ಮುಚ್ಚಳದಲ್ಲಿ ಸ್ಪ್ರೇ ಬಾಲ್ (ಸುತ್ತಲೂ ನೀರು ಚಿಮ್ಮುವ ತೂತಿನ ಚೆಂಡು) ಇಟ್ಟು, ಎಂಟು ಹತ್ತು ಲೀಟರ್ ಬಿಸಿ ಕ್ಷಾರದ ನೀರನ್ನು ಪಂಪ್‌ನಿಂದ ಸುತ್ತಿಸಿದರೆ ಗೋಡೆಯೆಲ್ಲ ಸ್ವಚ್ಛ. ಸೋಡಿಯಂ ಪರ್‌ಕಾರ್ಬೋನೇಟ್ ಮನೆಗೆ ಸಾಕು. ಬ್ಲೀಚ್ ಮಾತ್ರ ಬೇಡ, ಕ್ಲೋರಿನ್ ಸ್ಟೀಲನ್ನು ಸಣ್ಣ ಸಣ್ಣ ಗುಳಿಯಾಗಿ ತಿನ್ನುತ್ತದೆ. ಬೋರ್‌ವೆಲ್ ನೀರು ಒಳಗೆ ನಿಂತು ಒಣಗಲು ಬಿಡಬೇಡಿ, ಬಿಳಿ ಕಲೆ ಕೂರುತ್ತದೆ. ಸಿಟ್ರಿಕ್ ಆಸಿಡ್‌ನಿಂದ ಹೋಗುತ್ತದೆ.

ಸ್ಪ್ರೇ ಬಾಲ್ ತಲುಪದ ಜಾಗ ಅಂದರೆ ವಾಲ್ವ್. ಬಾಲ್ ವಾಲ್ವ್ ಇರುವ ಕೋನಿಕಲ್ ಅಗ್ಗಕ್ಕೆ ಸಿಕ್ಕಿದರೂ ಬಿಡಿ, ಆ ಚೆಂಡಿನ ಹಿಂದೆ ಹಳೆ ಬಿಯರ್ ನಿಲ್ಲುತ್ತದೆ, ಬಿಚ್ಚೋಕೆ ಸ್ಪ್ಯಾನರ್ ಬೇಕು. ಬಟರ್‌ಫ್ಲೈ ವಾಲ್ವ್ (ಒಳಗೆ ತಿರುಗುವ ತಟ್ಟೆ ಇರುವುದು) ಆದರೆ ಪ್ರತಿ ಬ್ಯಾಚ್ ಆದ ಮೇಲೂ ಬಿಚ್ಚಿ ತೊಳೆಯಬಹುದು, ಬಿಚ್ಚಲೇಬೇಕು. ಗಸಿ ಬಿಡುವಾಗ ವಾಲ್ವನ್ನು ಒಮ್ಮೆಲೇ ತೆರೆಯಬೇಡಿ. ತಣ್ಣಗಾದ ಯೀಸ್ಟ್ ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರುತ್ತದೆ, ಜೋರಾಗಿ ಬಿಟ್ಟರೆ ನಡುವೆ ತೂತು ಬಿದ್ದು ಯೀಸ್ಟ್ ಅಲ್ಲೇ ಉಳಿದು ಒಳ್ಳೆ ಬಿಯರ್ ಬಕೆಟ್‌ಗೆ ಹೋಗುತ್ತದೆ. ಮೊದಲು ಬರುವ ಕಂದು ಗಸಿ ಎಸೆಯಿರಿ, ಆಮೇಲೆ ಕೆನೆ ಬಣ್ಣದ್ದು ಬರುತ್ತದೆ, ಅದನ್ನು ಎತ್ತಿಡಿ.

ಇಷ್ಟು ಹೇಳಿದ ಮೇಲೂ ನಿಮಗೆ ನನ್ನ ಸಲಹೆ 50 ಲೀಟರಿನ ಒಂದು ಕೋನಿಕಲ್ ಅಲ್ಲ, 30 ಲೀಟರ್ ಹತ್ತಿರದ ಎರಡು. ತುಂಬಿದ 50 ಲೀಟರ್ ವರ್ಟ್ 52 ಕೆಜಿ, ಪಾತ್ರೆ ಬೇರೆ. ಇಟ್ಟಲ್ಲಿಂದ ಅಲುಗಾಡಿಸಲು ಆಗುವುದಿಲ್ಲ. ಸೋಂಕು ತಗುಲಿದರೆ ಐವತ್ತೂ ಲೀಟರ್ ಸಿಂಕ್‌ಗೆ. ಎರಡಿದ್ದರೆ ಒಂದರಲ್ಲಿ ಗೋಧಿ ಬಿಯರ್, ಇನ್ನೊಂದರಲ್ಲಿ ಸ್ಟೌಟ್, ಬೇರೆ ಬೇರೆ ಯೀಸ್ಟ್.

ಬನಶಂಕರಿಯಿಂದ:
ಮೇಡಂ, ಎರಡು 30 ಲೀಟರ್ ಒಂದೇ ಫ್ರಿಡ್ಜ್‌ನಲ್ಲಿ ಹಿಡಿಸುತ್ತದಾ?

ಜೆ.ಪಿ. ನಗರದಿಂದ:
ಅಂಗಡಿಯಲ್ಲಿ ತಂಪು ಪಾನೀಯ ಇಡುವ ಗಾಜಿನ ಬಾಗಿಲಿನ ಎತ್ತರದ ಫ್ರಿಡ್ಜ್ ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಹಿಡಿಸುತ್ತದೆ, ಶೆಲ್ಫ್ ತೆಗೆದು ಮೇಲೊಂದು ಕೆಳಗೊಂದು. ಮೇಲಿನದಕ್ಕೆ ಗಟ್ಟಿ ಸ್ಟ್ಯಾಂಡ್ ಮಾಡಿಸಿ, ತಂತಿ ಶೆಲ್ಫ್ ಆ ಭಾರ ತಡೆಯುವುದಿಲ್ಲ. ಗಾಜಿಗೆ ಕಪ್ಪು ಹಾಳೆ ಅಂಟಿಸಿ. ಆದರೆ ಎರಡಕ್ಕೂ ಒಂದೇ ಉಷ್ಣತೆ, ಲಾಗರ್ ಮತ್ತು ಏಲ್ ಒಟ್ಟಿಗೆ ಆಗುವುದಿಲ್ಲ. ಕಂಟ್ರೋಲರ್‌ನ ಸೆನ್ಸಾರ್ ಗಾಳಿಯಲ್ಲಿ ನೇತುಹಾಕಬೇಡಿ, ಹೆಚ್ಚು ಜೋರಾಗಿ ಹುದುಗುತ್ತಿರುವ ಪಾತ್ರೆಯ ಮೈಗೆ ಟೇಪ್ ಹಾಕಿ ಅಂಟಿಸಿ ಮೇಲೆ ಸ್ಪಂಜ್ ಮುಚ್ಚಿ. ಫ್ರಿಡ್ಜ್ ಕೊಳ್ಳಲು ಹೋಗುವಾಗ ಟೇಪ್ ತಗೊಂಡು ಹೋಗಿ ಒಳಗಿನ ಅಳತೆ ತೆಗೆಯಿರಿ, ಏರ್‌ಲಾಕ್‌ಗೆ (ಗ್ಯಾಸ್ ಹೊರಬಿಟ್ಟು ಗಾಳಿ ಒಳಬರದಂತೆ ತಡೆಯುವ ಸಾಧನ) ಮೇಲೆ ಒಂದು ಗೇಣು, ಕೆಳಗಿನ ವಾಲ್ವ್ ತಿರುಗಿಸಲು ಕೈ ಹೋಗುವಷ್ಟು ಜಾಗ ಸೇರಿಸಿ ಲೆಕ್ಕ ಹಾಕಿ.